ಸಂತ ಡಾನ್ ಬೋಸ್ಕೊ: ಶಾಲೆಯನ್ನು ಮನೆಯಾಗಿಸಿದ ಗುರು

ಧರ್ಮಸಭೆಯು ಪ್ರತಿವರ್ಷ ಜನವರಿ 31ರಂದು ಸಂತ ಡಾನ್ ಬೋಸ್ಕೊರವರ ಹಬ್ಬವನ್ನು ಆಚರಿಸುತ್ತದೆ. ಅವರ ಹೆಸರನ್ನು ಹೊತ್ತ ಶಾಲೆಗಳು, ತಾಂತ್ರಿಕ ತರಬೇತಿ ಕೇಂದ್ರಗಳು, ಅನಾಥ ಮಕ್ಕಳ ಆಶ್ರಮಗಳು ಜಗತ್ತಿನ ಎಲ್ಲೆಡೆ ಇವೆ. ಅವರ ಕನಸುಗಳ ಕಥೆಗಳನ್ನೂ ಅದ್ಭುತಗಳ ಕಥೆಗಳನ್ನೂ ನಮ್ಮಲ್ಲಿ ಅನೇಕರು ಜ್ಞಾನೋಪದೇಶದ ತರಗತಿಯಲ್ಲಿಯೇ ಕೇಳಿದ್ದೇವೆ. ಆದರೆ ಶಾಲೆಯೊಂದರ ನಿತ್ಯಜೀವನದ ಬಗೆಗೆ ಈ ಮಹನೀಯರು ತೋರಿದ ದಾರಿಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಬಹುಮಾನ ವಿತರಣೆ, ಹಬ್ಬ, ನಾಟಕ, ವಾದ್ಯಮೇಳ, ಪ್ರವಾಸ ಇವೆಲ್ಲ ಇಂದು ಪ್ರತಿಯೊಂದು ಪ್ರೌಢಶಾಲೆಯಲ್ಲೂ ನಡೆಯುತ್ತವೆ. ಒಬ್ಬ ವಿದ್ಯಾರ್ಥಿಯ ಸಾಧನೆಯು ಉಳಿದವರಿಗೆ ಅವಮಾನವಾಗದೆ ಇಡೀ ಮನೆಯ ಸಂತೋಷವಾಗಬೇಕೆಂಬುದು ಡಾನ್ ಬೋಸ್ಕೊರವರ ಜೀವನದ ಪಾಠ. ಈ ಪಾಠವನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ. ತಮ್ಮ ಬಡತನದಿಂದ ಕಲಿತರು.

ಬಾಲ್ಯ

ಇಟಲಿಯ ಉತ್ತರ ಭಾಗದಲ್ಲಿರುವ ಪೀಡ್‌ಮಾಂಟ್ ಪ್ರಾಂತದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ 1815ರ ಆಗಸ್ಟ್ 16ರಂದು ಜಾನ್ ಬೋಸ್ಕೊ ಜನಿಸಿದರು. ತಂದೆ ಫ್ರಾನ್ಸಿಸ್ ರೈತರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, 1817ರಲ್ಲಿ, ಅವರು ತೀರಿಕೊಂಡರು. ಓದುಬರಹವರಿಯದ ತಾಯಿ ಮಾರ್ಗರೀತ ಮೂವರು ಗಂಡುಮಕ್ಕಳನ್ನೂ ವೃದ್ಧೆಯಾದ ಅತ್ತೆಯನ್ನೂ ಸಾಕಿ ಸಲಹಿದರು. ಮಲಸಹೋದರನಾದ ಆಂಟನಿಗೆ ಜಾನನ ಓದು ಹಿಡಿಸಲಿಲ್ಲ. ಹೊಲದಲ್ಲಿ ಗುದ್ದಲಿ ಹಿಡಿಯಬೇಕಾದ ಕೈಗೆ ಪುಸ್ತಕವೇಕೆಂಬುದು ಅವನ ಎಣಿಕೆ. ಮನೆಯ ಶಾಂತಿಗಾಗಿ ತಾಯಿ ಮಗನನ್ನು ಬೇರೊಂದು ರೈತರ ಮನೆಗೆ ದುಡಿಯಲು ಕಳುಹಿಸಬೇಕಾಯಿತು. ಆಗ ಬಾಲಕನಿಗೆ ಸುಮಾರು ಹನ್ನೆರಡು ವರ್ಷ.

ಒಂಬತ್ತನೆಯ ವಯಸ್ಸಿನಲ್ಲಿ ಬಾಲಕ ಜಾನ್ ಒಂದು ಕನಸು ಕಂಡನು. ಅಂಗಳದಲ್ಲಿ ಬಡಿದಾಡುತ್ತಿದ್ದ, ಬಯ್ದಾಡುತ್ತಿದ್ದ ಹುಡುಗರನ್ನು ಅವನು ಹೊಡೆದು ಸುಮ್ಮನಾಗಿಸಲು ನುಗ್ಗಿದಾಗ, ತೇಜೋಮಯರಾದ ಪುರುಷರೊಬ್ಬರು ಅವನನ್ನು ತಡೆದು, ಏಟಿನಿಂದಲ್ಲ, ಸೌಮ್ಯತೆಯಿಂದಲೂ ಪ್ರೀತಿಯಿಂದಲೂ ಇವರನ್ನು ಗೆಲ್ಲಬೇಕೆಂದು ತಿಳಿಸಿದರಂತೆ. ಈ ಕನಸು ಅವರ ಬಾಳಿನುದ್ದಕ್ಕೂ ದಾರಿದೀಪವಾಯಿತು. ಜಾತ್ರೆಗಳಲ್ಲಿ ದೊಂಬರಾಟವನ್ನು ಕಣ್ಣಿಟ್ಟು ನೋಡಿ ಕಲಿತ ಬಾಲಕನು ಭಾನುವಾರಗಳಲ್ಲಿ ಎರಡು ಮರಗಳ ನಡುವೆ ಹಗ್ಗ ಕಟ್ಟಿ ನಡೆದು ಹಳ್ಳಿಯವರನ್ನು ರಂಜಿಸುತ್ತಿದ್ದನು. ಆಟದ ನಡುವೆ ಎಲ್ಲರೂ ಜಪಸರ ಪ್ರಾರ್ಥಿಸಬೇಕು, ಬೆಳಗಿನ ಪ್ರಸಂಗವನ್ನು ಕೇಳಬೇಕು. ಅದೇ ಆಟದ ಶುಲ್ಕ.

ಕಿಯೇರಿಯ ಶಾಲೆಯಲ್ಲಿ

ವೃದ್ಧ ಗುರು ಕಲೋಸೊರವರು ಲತೀನ್ ಪಾಠ ಆರಂಭಿಸಿ, 1830ರಲ್ಲಿ ಹಠಾತ್ತನೆ ನಿಧನರಾದರು. ಮರುವರ್ಷ ಜಾನ್ ಕಿಯೇರಿ ಪಟ್ಟಣದ ಶಾಲೆಗೆ ಸೇರಿದರು. ಹದಿನಾರು ವರ್ಷದ ಈ ಹಳ್ಳಿಯ ತರುಣ ಚಿಕ್ಕ ಮಕ್ಕಳ ಜೊತೆ ಕೆಳಗಿನ ತರಗತಿಯಲ್ಲಿ ಕುಳಿತುಕೊಳ್ಳಬೇಕಾಯಿತು. ಆದರೆ ಒಂದೇ ವರ್ಷದಲ್ಲಿ ಮೇಲಿಂದ ಮೇಲೆ ತೇರ್ಗಡೆಯಾಗಿ ಮೇಲಿನ ತರಗತಿಗಳಿಗೆ ಏರಿದರು. ಒಮ್ಮೆ ಪಠ್ಯಪುಸ್ತಕವನ್ನು ಮರೆತುಬಂದಿದ್ದರು. ಅಧ್ಯಾಪಕರು ಓದಲು ಹೇಳಿದಾಗ ಬೇರೊಂದು ಪುಸ್ತಕವನ್ನು ಕೈಯಲ್ಲಿ ಹಿಡಿದು ಪಾಠವನ್ನು ನೆನಪಿನಿಂದಲೇ ಒಪ್ಪಿಸಿಬಿಟ್ಟರು. ಸಹಪಾಠಿಗಳು ಬೆರಗಾದರು, ಅಧ್ಯಾಪಕರೂ ಮೆಚ್ಚಿದರು. ಊಟಕ್ಕೂ ವಸತಿಗೂ ಹಣವಿಲ್ಲದ ಕಾರಣ ಮಕ್ಕಳಿಗೆ ಮನೆಪಾಠ ಹೇಳಿದರು, ಕಾಫಿ ಅಂಗಡಿಯಲ್ಲಿ ದುಡಿದರು, ದರ್ಜಿ ಕೆಲಸವನ್ನೂ ಕಮ್ಮಾರಿಕೆಯನ್ನೂ ಕಲಿತರು. ಮುಂದೆ ಬಡ ಹುಡುಗರಿಗಾಗಿ ಕಾರ್ಯಾಗಾರಗಳನ್ನು ತೆರೆದಾಗ ಈ ಕಸಬುಗಳೆಲ್ಲ ಅವರಿಗೆ ನೆರವಾದವು.

1832ರಲ್ಲಿ ಅವರು ಸಹಪಾಠಿಗಳನ್ನು ಸೇರಿಸಿ ಆನಂದ ಸಂಘವನ್ನು ಕಟ್ಟಿದರು. ಅದರ ನಿಯಮಗಳು ಸರಳ: ಕ್ರೈಸ್ತನಿಗೆ ತಕ್ಕುದಲ್ಲದ ನಡೆನುಡಿ ಇರಕೂಡದು, ಶಾಲೆಯ ಹಾಗೂ ಧರ್ಮದ ಕರ್ತವ್ಯಗಳನ್ನು ತಪ್ಪದೆ ನೆರವೇರಿಸಬೇಕು, ಸದಾ ಸಂತೋಷದಿಂದಿರಬೇಕು. ಪಟ್ಟಣಕ್ಕೆ ಬಂದ ದೊಂಬನೊಬ್ಬನ ಆಟವು ಹುಡುಗರನ್ನು ದೇವಾಲಯದಿಂದ ದೂರ ಸೆಳೆಯುತ್ತಿದ್ದಾಗ ಜಾನ್ ಅವನೊಡನೆ ಪಂದ್ಯ ಕಟ್ಟಿದರು. ಪಣದ ಹಣವನ್ನು ಗೆಳೆಯರೆಲ್ಲ ಕೂಡಿಹಾಕಿದರು. ಓಟ, ಜಿಗಿತ, ಕೋಲಾಟದ ಚಮತ್ಕಾರ, ಮರ ಏರುವುದು ಈ ನಾಲ್ಕರಲ್ಲೂ ಜಾನ್ ಗೆದ್ದರು. ದೊಂಬನು 240 ಲಿರಾ ಸೋತು ದಿವಾಳಿಯಾದನು. ಆದರೆ ಅವನ ಬದುಕನ್ನು ಕಸಿದುಕೊಳ್ಳಲು ಹುಡುಗರಿಗೆ ಮನಸ್ಸು ಬರಲಿಲ್ಲ. ಸಂಘದ ಇಪ್ಪತ್ತೆರಡು ಮಂದಿಗೆ ಒಂದು ಊಟ ಹಾಕಿಸಿದರೆ ಸಾಕೆಂದು ಹೇಳಿ, ಉಳಿದ ಹಣವನ್ನು ಹಿಂದಿರುಗಿಸಿದರು. ಹೀಗೆ ಒಬ್ಬರ ಗೆಲುವು ಎಲ್ಲರ ಹಬ್ಬವಾಯಿತು. ಸೋತವನಿಗೂ ಅದರಲ್ಲಿ ಪಾಲು ದೊರೆಯಿತು. ಮುಂದೆ ಅವರು ಕಟ್ಟಲಿದ್ದ ಶಾಲೆಯ ಬೀಜ ಇಲ್ಲಿಯೇ ಇತ್ತು.

ಅಲೆದಾಟದಿಂದ ನೆಲೆಗೆ

1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಅವರು ಗುರುದೀಕ್ಷೆ ಪಡೆದರು. ಸಂತ ಜೋಸೆಫ್ ಕಫಾಸೊರವರ ಮಾರ್ಗದರ್ಶನದಲ್ಲಿ ಸೆರೆಮನೆಗಳಿಗೆ ಭೇಟಿಯಿತ್ತಾಗ, ಎಳೆಯ ವಯಸ್ಸಿನಲ್ಲೇ ಹಾಳಾದ ಹುಡುಗರನ್ನು ಕಂಡು ಅವರ ಕರುಳು ಕಿವುಚಿತು. ಹೊರಗೆ ಯಾರಾದರೂ ಸ್ನೇಹಿತರಿದ್ದಿದ್ದರೆ ಇವರು ಒಳಗೆ ಬರುತ್ತಿರಲಿಲ್ಲವೆಂದು ಅವರಿಗೆ ಅನ್ನಿಸಿತು. ಅದೇ ವರ್ಷ ಡಿಸೆಂಬರ್ 8ರಂದು, ಅಮಲೋದ್ಭವಿ ಮಾತೆಯ ಹಬ್ಬದ ದಿನ, ದೇವಾಲಯದ ವಸ್ತ್ರಾಗಾರದಲ್ಲಿ ಬಾರ್ತೊಲೊಮೇಯೊ ಗರೆಲ್ಲಿ ಎಂಬ ಅನಾಥ ತರುಣ ಅವರಿಗೆ ದೊರೆತನು. ಕಟ್ಟಡದ ಕೆಲಸಕ್ಕೆ ಬಂದಿದ್ದ ಅವನಿಗೆ ಓದು ಬರುತ್ತಿರಲಿಲ್ಲ, ಪ್ರಾರ್ಥನೆಯೂ ತಿಳಿದಿರಲಿಲ್ಲ. ಆ ಒಬ್ಬನಿಂದ ಆರಂಭವಾದ ಜ್ಞಾನೋಪದೇಶ ಕೆಲವೇ ವರ್ಷಗಳಲ್ಲಿ ನೂರಾರು ಹುಡುಗರ ಕೂಟವಾಯಿತು.

ಈ ಗದ್ದಲದ ಮಕ್ಕಳಿಗೆ ನೆಲೆ ಕೊಡುವವರಿರಲಿಲ್ಲ. ಸ್ಮಶಾನದ ಪ್ರಾರ್ಥನಾಲಯ, ಹಿಟ್ಟಿನ ಗಿರಣಿಗಳ ಆವರಣ, ಬಾಡಿಗೆ ಕೋಣೆಗಳು, ಬಯಲು ಹೀಗೆ ಒಂದರ ಅನಂತರ ಒಂದು ಸ್ಥಳದಿಂದ ಅವರನ್ನು ಹೊರಹಾಕಲಾಯಿತು. ನಗರದ ಅಧಿಕಾರಿಗಳು ಸಂಶಯಪಟ್ಟರು. ಕೆಲವು ಗುರುಗಳು ಡಾನ್ ಬೋಸ್ಕೊರವರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ನಂಬಿದರು. ಕೊನೆಗೆ 1846ರ ಏಪ್ರಿಲ್ 12ರಂದು, ಪಾಸ್ಖ ಭಾನುವಾರದ ದಿನ, ವಾಲ್ದೋಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರ ತಗ್ಗು ಸೂರಿನ ಕೊಟ್ಟಿಗೆ ಪ್ರಾರ್ಥನಾಲಯವಾಯಿತು. ಅದೇ ವರ್ಷ ನವೆಂಬರ್ 3ರಂದು ತಾಯಿ ಮಾರ್ಗರೀತ ಊರು ಬಿಟ್ಟು ಮಗನ ಜೊತೆ ಬಂದು ನೆಲೆಸಿದರು. ತಮ್ಮ ಮದುವೆಯ ಉಡುಗೆಯನ್ನೂ ಅವರು ಈ ಮಕ್ಕಳಿಗಾಗಿ ಬಿಟ್ಟುಕೊಟ್ಟರು. ತಾವು ಬೆಳೆಸಿದ ತರಕಾರಿ ತೋಟವನ್ನು ಹುಡುಗರು ಆಟದಲ್ಲಿ ತುಳಿದುಹಾಕಿದಾಗ ಮನನೊಂದು ಊರಿಗೆ ಮರಳಲು ಹೊರಟರು. ಮಗನು ಮಾತಾಡದೆ ಗೋಡೆಯ ಶಿಲುಬೆಯನ್ನು ತೋರಿಸಲು, ಆ ತಾಯಿ ಮತ್ತೆ ಕೆಲಸಕ್ಕೆ ತೊಡಗಿದರು. 1856ರಲ್ಲಿ ಕಣ್ಮುಚ್ಚುವವರೆಗೂ ನೂರಾರು ಮಕ್ಕಳಿಗೆ ಅವರೇ ಅಮ್ಮ.

ಬಹುಮಾನದ ದಿನ

ಹಗಲು ದುಡಿಯುವ ಹುಡುಗರಿಗೆ ರಾತ್ರಿಶಾಲೆ ನಡೆಯಿತು. ರಾಜ್ಯದಲ್ಲಿ ದಶಮಾನ ಪದ್ಧತಿಯ ತೂಕ ಮತ್ತು ಅಳತೆಗಳು 1850ರಿಂದ ಕಡ್ಡಾಯವಾಗಲಿದ್ದವು. ಬಡಜನರು ಲೆಕ್ಕದಲ್ಲಿ ಮೋಸಹೋಗಬಾರದೆಂದು ಡಾನ್ ಬೋಸ್ಕೊರವರು ಈ ವಿಷಯವಾಗಿ ಸುಲಭವಾದ ಪುಸ್ತಕವನ್ನು ಬರೆದರು. ಅಷ್ಟಕ್ಕೇ ನಿಲ್ಲದೆ, 1849ರಲ್ಲಿ ಅದನ್ನೇ ನಾಟಕವಾಗಿಸಿ ಹುಡುಗರಿಂದ ಆಡಿಸಿದರು. ಪ್ರೇಕ್ಷಕರ ಸಾಲಿನಲ್ಲಿ ಹೆಸರಾಂತ ಶಿಕ್ಷಣತಜ್ಞರಾದ ಗುರು ಫೆರಾಂತೆ ಅಪೋರ್ತಿಯವರೂ ಇದ್ದರು. ಜನ ನಕ್ಕು ನಲಿದು ಲೆಕ್ಕ ಕಲಿತರು. ತಾವು ಕಲಿತದ್ದನ್ನು ಊರಿಗೆ ಕಲಿಸಬಲ್ಲೆವೆಂಬ ಹೆಮ್ಮೆ ಆ ಕೂಲಿ ಹುಡುಗರಲ್ಲಿ ಮೂಡಿತು.

ಅವರ ಶಾಲೆಯಲ್ಲಿ ಬಹುಮಾನ ಕೊಡುತ್ತಿದ್ದ ಕ್ರಮವೂ ವಿಶಿಷ್ಟವಾದುದು. ಸಂತ ಫ್ರಾನ್ಸಿಸ್ ದೆ ಸಾಲ್ಸರ ಹಬ್ಬವು ಆಗಿನ ಪಂಚಾಂಗದಂತೆ ಜನವರಿ 29ರಂದು ಬರುತ್ತಿತ್ತು. ಅದಕ್ಕೆ ಮುನ್ನ ಪ್ರತಿಯೊಬ್ಬ ಹುಡುಗನೂ ನಡತೆಯಲ್ಲಿ ಉತ್ತಮರೆಂದು ತಾನು ಬಗೆದ ಗೆಳೆಯರ ಹೆಸರುಗಳನ್ನು ಬರೆದುಕೊಡುತ್ತಿದ್ದನು. ಹೆಚ್ಚು ಮತ ಪಡೆದವರಿಗೆ ಹಬ್ಬದ ದಿನ ಎಲ್ಲರೆದುರು ಬಹುಮಾನ. ಅಧಿಕಾರಿಗಳ ಕಣ್ಣಿಗೆ ಬೀಳುವಂತೆ ನಟಿಸುವುದು ಸುಲಭ. ಹಗಲಿರುಳು ಜೊತೆಗಿರುವ ಗೆಳೆಯರ ಮುಂದೆ ನಟನೆ ನಡೆಯದು. ಮತ ಕೊಟ್ಟ ಗೆಳೆಯರಿಗೂ ಆ ಬಹುಮಾನ ತಮ್ಮದೇ ಆಗುತ್ತಿತ್ತು.

ಆರಂಭದಲ್ಲಿ ಲತೀನ್ ಕಲಿಯುವ ಹುಡುಗರು ನಗರದ ಬೊನ್ಜಾನಿನೊ ಮತ್ತು ಪಿಕ್ಕೊ ಎಂಬ ಅಧ್ಯಾಪಕರ ಪಾಠಶಾಲೆಗಳಿಗೆ ನಡೆದುಹೋಗುತ್ತಿದ್ದರು. 1855ರಲ್ಲಿ ಹದಿನೇಳು ವರ್ಷದ ಫ್ರಾಂಚೇಸಿಯಾ ಎಂಬ ಶಿಷ್ಯನೇ ಅಧ್ಯಾಪಕನಾಗಿ ಮನೆಯಲ್ಲಿ ಮೊದಲ ತರಗತಿ ತೆರೆಯಿತು; ಕೆಲವೇ ವರ್ಷಗಳಲ್ಲಿ ಐದು ತರಗತಿಗಳ ಪೂರ್ಣ ಪ್ರೌಢಶಾಲೆ ರೂಪುಗೊಂಡಿತು. ಜೊತೆಯಲ್ಲೇ ಚಮ್ಮಾರಿಕೆ, ಹೊಲಿಗೆ, ಪುಸ್ತಕ ಕಟ್ಟುವಿಕೆ, ಬಡಗಿತನ, ಮುದ್ರಣಗಳ ಕಾರ್ಯಾಗಾರಗಳೂ ಬೆಳೆದವು. ಸರ್ಕಾರವು ಶಾಲೆಯ ಮೇಲೆ ಕಣ್ಣಿಟ್ಟಿತು. 1860ರಲ್ಲಿ ಪೊಲೀಸರು ಬಂದು ಮನೆಯನ್ನು ಶೋಧಿಸಿದರು. ಅಧ್ಯಾಪಕರಿಗೆ ಪದವಿಗಳಿಲ್ಲವೆಂಬ ಆಕ್ಷೇಪಣೆ ಎದ್ದಾಗ, ಆ ತರುಣರು ವಿಶ್ವವಿದ್ಯಾಲಯದ ಪರೀಕ್ಷೆಗೆ ಕುಳಿತು ಅರ್ಹತೆ ಗಳಿಸಿದರು. ಶಾಲೆ ಉಳಿಯಿತು.

ಒಬ್ಬರಿಗೊಬ್ಬರು

1854ರ ಬೇಸಗೆಯಲ್ಲಿ ಟ್ಯೂರಿನ್‌ಗೆ ಕಾಲರಾ ಬಡಿಯಿತು. ಡಾನ್ ಬೋಸ್ಕೊರವರ ಕರೆಗೆ ಓಗೊಟ್ಟು ನಲವತ್ತನಾಲ್ಕು ಹುಡುಗರು ರೋಗಿಗಳ ಶುಶ್ರೂಷೆಗೆ ಮುಂದಾದರು. ದೇವರ ದಯೆಯಿಂದ ಅವರಲ್ಲಿ ಯಾರಿಗೂ ರೋಗ ತಗುಲಲಿಲ್ಲ. ಬೀದಿಯ ಪುಂಡರೆಂದು ಹಳಿದಿದ್ದ ನಗರವೇ ಈಗ ಅವರನ್ನು ಕೊಂಡಾಡಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಡೊಮಿನಿಕ್ ಸಾವಿಯೊ ಈ ಮನೆಗೆ ಸೇರಿದನು. ಸಂತನಾಗಬೇಕೆಂಬ ತವಕದಲ್ಲಿ ಕಠಿಣ ತಪಸ್ಸುಗಳನ್ನು ಬಯಸಿದ ಆ ಬಾಲಕನಿಗೆ, ಸಂತೋಷದಿಂದಿರುವುದು, ಪಾಠ ಪ್ರಾರ್ಥನೆಗಳನ್ನು ಸರಿಯಾಗಿ ಮಾಡುವುದು, ಗೆಳೆಯರಿಗೆ ನೆರವಾಗುವುದು ಇಷ್ಟೇ ಸಾಕೆಂದು ಗುರುಗಳು ತಿಳಿಸಿದರು. 1856ರ ಜೂನ್ 8ರಂದು ಸಾವಿಯೊ ಮತ್ತು ಅವನ ಸಂಗಡಿಗರು ಅಮಲೋದ್ಭವಿ ಮಾತೆಯ ಸಂಘವನ್ನು ಸ್ಥಾಪಿಸಿದರು. ಹೊಸದಾಗಿ ಬಂದವರು, ತಂಟೆಕೋರರು, ಒಂಟಿಯಾಗಿರುವವರು ಇಂಥವರನ್ನು ಸದಸ್ಯರು ತಮ್ಮತಮ್ಮೊಳಗೆ ಹಂಚಿಕೊಂಡು ಗುಟ್ಟಾಗಿ ಅವರ ಸ್ನೇಹಿತರಾಗುತ್ತಿದ್ದರು. ಸಾವಿಯೊ 1857ರ ಮಾರ್ಚ್ 9ರಂದು, ಹದಿನೈದು ತುಂಬುವ ಮುನ್ನವೇ ತೀರಿಕೊಂಡನು. 1954ರಲ್ಲಿ ಧರ್ಮಸಭೆ ಅವನನ್ನು ಸಂತನೆಂದು ಘೋಷಿಸಿತು. 1859ರ ಡಿಸೆಂಬರ್ 18ರಂದು ಸಲೇಶಿಯನ್ ಸಭೆ ಹುಟ್ಟಿದಾಗ, ಮೊದಲ ಸದಸ್ಯರಲ್ಲಿ ಹಲವರು ಹುಡುಗರು ಕಟ್ಟಿದ ಆ ಸಂಘದವರೇ ಆಗಿದ್ದರು.

ಶರತ್ಕಾಲದ ರಜೆಯಲ್ಲಿ ಒಳ್ಳೆಯ ನಡತೆಯ ಹುಡುಗರನ್ನು ಕರೆದುಕೊಂಡು ಡಾನ್ ಬೋಸ್ಕೊರವರು ಹಳ್ಳಿಯಿಂದ ಹಳ್ಳಿಗೆ ಕಾಲ್ನಡಿಗೆಯಲ್ಲಿ ಸಾಗುತ್ತಿದ್ದರು. ಮುಂದೆ ವಾದ್ಯಮೇಳ, ಹಿಂದೆ ಗಾಯಕರು. ಬೆಳಿಗ್ಗೆ ಹಾಡುಬಲಿಪೂಜೆ, ಸಂಜೆ ನಾಟಕ. ರೈತರು ದ್ರಾಕ್ಷಿಯನ್ನೂ ಜೋಳದ ಅಂಬಲಿಯನ್ನೂ ಕೊಟ್ಟು ಆದರಿಸುತ್ತಿದ್ದರು. 1864ರವರೆಗೆ ಈ ಯಾತ್ರೆಗಳು ನಡೆದವು.

ಗುರುಗಳ ನಾಮಹಬ್ಬವಾದ ಜೂನ್ 24ನ್ನು ಹುಡುಗರು ಸಡಗರದಿಂದ ಆಚರಿಸುತ್ತಿದ್ದರು. 1849ರಲ್ಲಿ ಗಾಸ್ತಿನಿ ಮತ್ತು ರೆವಿಲಿಯೊ ಎಂಬ ಇಬ್ಬರು ಬಡ ಹುಡುಗರು ಕಾಸಿಗೆ ಕಾಸು ಕೂಡಿಸಿ ಎರಡು ಪುಟ್ಟ ಬೆಳ್ಳಿಯ ಹೃದಯಗಳನ್ನು ಅರ್ಪಿಸಿದರು. ಇಪ್ಪತ್ತೊಂದು ವರ್ಷಗಳ ಅನಂತರ, 1870ರಲ್ಲಿ, ಅದೇ ಗಾಸ್ತಿನಿಯ ಮುಂದಾಳುತನದಲ್ಲಿ ಹಳೆಯ ವಿದ್ಯಾರ್ಥಿಗಳು ಕಾಫಿ ಬಟ್ಟಲುಗಳ ಕಾಣಿಕೆಯೊಡನೆ ಬಂದರು. ಹಳೆಯ ವಿದ್ಯಾರ್ಥಿಗಳ ಸಂಘ ಹುಟ್ಟಿದ್ದು ಹೀಗೆ.

ಕೊನೆಯ ಎಚ್ಚರಿಕೆ

ಸಂಸ್ಥೆ ಬೆಳೆಯಿತು. 1868ರಲ್ಲಿ ಕ್ರೈಸ್ತರ ಸಹಾಯಮಾತೆಯ ಮಹಾದೇವಾಲಯ ಪ್ರತಿಷ್ಠೆಯಾಯಿತು. 1872ರಲ್ಲಿ ಸಂತ ಮರಿಯ ಮಜ್ಜರೆಲ್ಲೊರವರೊಂದಿಗೆ ಕನ್ಯಾಸ್ತ್ರೀಯರ ಸಭೆ ಆರಂಭವಾಯಿತು. 1875ರಲ್ಲಿ ಹಳೆಯ ವಿದ್ಯಾರ್ಥಿಯಾದ ಕಾಲ್ಯೆರೊರವರ ನೇತೃತ್ವದಲ್ಲಿ ಮೊದಲ ಧರ್ಮಪ್ರಚಾರಕರು ಅರ್ಜೆಂಟೀನಕ್ಕೆ ಹೊರಟರು. 1877ರಲ್ಲಿ ಡಾನ್ ಬೋಸ್ಕೊರವರು ತಮ್ಮ ಶಿಕ್ಷಣಕ್ರಮವನ್ನು ಬರಹಕ್ಕಿಳಿಸಿದರು. ವಿವೇಕ, ಧರ್ಮ, ವಾತ್ಸಲ್ಯ ಈ ಮೂರೇ ಅದರ ಕಂಬಗಳು. ಏಟಿಗೆ ಅಲ್ಲಿ ಸ್ಥಾನವಿಲ್ಲ.

ಆದರೂ ಅವರ ಮನಸ್ಸಿಗೆ ಒಂದು ಕೊರಗು ತಟ್ಟಿತು. 1884ರ ಮೇ 10ರಂದು ರೋಮ್ ನಗರದಿಂದ ತಮ್ಮ ಮನೆಯವರಿಗೆ ಕಳುಹಿಸಿದ ಪತ್ರದಲ್ಲಿ ಅವರು ಎರಡು ಆಟದ ಬಯಲುಗಳ ಚಿತ್ರ ಕೊಟ್ಟರು. ಹಿಂದಿನ ಬಯಲಿನಲ್ಲಿ ಗುರುಗಳೂ ಹುಡುಗರೂ ಬೆರೆತು ಓಡುತ್ತಿದ್ದರು, ಹಾಡುತ್ತಿದ್ದರು. ಈಗಿನ ಬಯಲಿನಲ್ಲಿ ಹಲವು ಹುಡುಗರು ಕಂಬಗಳಿಗೆ ಒರಗಿ ಬೇಸರದಿಂದ ನಿಂತಿದ್ದರೆ, ಅಧ್ಯಾಪಕರು ದೂರದಲ್ಲಿ ತಮ್ಮತಮ್ಮೊಳಗೆ ಮಾತಾಡುತ್ತಿದ್ದರು. ಕಟ್ಟಡಗಳು ಏರಿದ್ದವು, ವಿದ್ಯಾರ್ಥಿಗಳ ಸಂಖ್ಯೆ ಬೆಳೆದಿತ್ತು. ಆದರೆ ಮನೆತನ ಮಾಸುತ್ತಿತ್ತು. ಮಕ್ಕಳನ್ನು ಪ್ರೀತಿಸಿದರಷ್ಟೇ ಸಾಲದು, ಪ್ರೀತಿಸುತ್ತಿದ್ದಾರೆಂಬುದು ಮಕ್ಕಳಿಗೆ ತಿಳಿಯಬೇಕೆಂದು ಅವರು ಬೇಡಿಕೊಂಡರು. ತಾವೇ ಕಟ್ಟಿದ ಶಾಲೆಯ ಕೊರತೆಯನ್ನು ಮರೆಮಾಚದೆ ತೋರಿದ ಈ ಪತ್ರವು ಅವರ ಬರಹಗಳಲ್ಲಿ ಬಹಳ ಅಮೂಲ್ಯವಾದುದು.

1888ರ ಜನವರಿ 31ರ ಮುಂಜಾನೆ ಅವರು ದೈವಾಧೀನರಾದರು. 1934ರ ಏಪ್ರಿಲ್ 1ರಂದು, ಪಾಸ್ಖ ಹಬ್ಬದ ದಿನ, ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ಅವರನ್ನು ಸಂತರೆಂದು ಘೋಷಿಸಿದರು. ಅವರ ಸಭೆಯವರು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಸೇವೆ ಆರಂಭಿಸಿದರು. ಮುಂದೆ ನಮ್ಮ ಬೆಂಗಳೂರಿನಲ್ಲಿಯೂ ಬೀದಿಯ ಮಕ್ಕಳಿಗೆ ಆಸರೆಯಾದರು.

ನಮ್ಮ ಧರ್ಮಕೇಂದ್ರಗಳ ಇತಿಹಾಸದಲ್ಲಿ ದೇವಾಲಯದ ಪಕ್ಕದಲ್ಲೇ ಶಾಲೆಯೂ ಬೆಳೆದುಬಂದಿದೆ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಬಹುಮಾನ ಪಡೆಯುವ ಮಕ್ಕಳಿಗಾಗಿ ನಾವು ಚಪ್ಪಾಳೆ ತಟ್ಟುವಾಗ, ಹಿಂದಿನ ಬೆಂಚಿನಲ್ಲಿ ಕಂಬಕ್ಕೊರಗಿ ಕುಳಿತ ಮಗುವಿನ ಕಡೆಗೂ ತಿರುಗಿ ನೋಡೋಣ. ಆ ಮಗುವಿಗೂ ಈ ಹಬ್ಬ ತನ್ನದೆಂದು ಅನ್ನಿಸಿದರೆ, ಡಾನ್ ಬೋಸ್ಕೊರವರ ಕನಸು ನಮ್ಮಲ್ಲಿ ಸ್ವಲ್ಪವಾದರೂ ನನಸಾದಂತೆ. ಆ ಪುಣ್ಯಾತ್ಮರ ಪ್ರಾರ್ಥನೆಯ ನೆರವು ನಮ್ಮ ಮಕ್ಕಳ ಮೇಲೂ, ಅವರಿಗೆ ಕಲಿಸುವವರ ಮೇಲೂ ಸದಾ ಇರಲಿ.