ಟಿಪ್ಪು ಸುಲ್ತಾನರ ನಾಣ್ಯ ಮತ್ತು ಹಡಗು

ನಮ್ಮ ಮೂಡಿಗೆರೆ, ಕಳಸದ ಕಡೆ ಹಳೆ ಮನೆಗಳ ಪೆಟ್ಟಿಗೆಯಲ್ಲಿ ಆನೆ ಚಿತ್ರದ ತಾಮ್ರದ ನಾಣ್ಯ ಸಿಗುವುದುಂಟು. ಅದು ಟಿಪ್ಪು ಸುಲ್ತಾನರದು.

ಮದ್ರಸದಲ್ಲಿ ಖಲೀಫರ ಪಾಠ ಬಂದಾಗ ನಾವು ಈ ನಾಣ್ಯಗಳ ಸುದ್ದಿ ತೆಗೆಯುತ್ತೇವೆ. ದೊಡ್ಡ ಚಿನ್ನದ ನಾಣ್ಯ ಅಹ್ಮದಿ, ಪ್ರವಾದಿ(ಸ)ಯವರ ಹೆಸರಿನದು. ಅದರರ್ಧ ಸಿದ್ದೀಕಿ, ಕಾಲು ಫಾರೂಕಿ. ತಾಮ್ರದ ಎರಡು ಪೈಸೆ ಉಸ್ಮಾನಿ. ಬೆಳ್ಳಿಯ ಎರಡು ರೂಪಾಯಿ ಹೈದರಿ. ಹೈದರ್ ಅಂದರೆ ಅಲಿ(ರ)ಯವರ ಬಿರುದು, ಸುಲ್ತಾನರ ತಂದೆಯ ಹೆಸರೂ ಹೌದು.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು 1782ರ ಕೊನೆಗೆ ತಂದೆ ತೀರಿಕೊಂಡಾಗ ಪಟ್ಟಕ್ಕೆ ಬಂದರು. 1784ರಲ್ಲಿ ಕಂಪೆನಿ ಸಂಧಿಗೆ ಸಹಿ ಹಾಕಿದ್ದು ಮಂಗಳೂರಲ್ಲೇ. ಘಟ್ಟದ ಕಾಳುಮೆಣಸು, ಏಲಕ್ಕಿ ಆ ಬಂದರಿಗೇ ಇಳಿಯುತ್ತಿತ್ತು. ಮಸ್ಕತ್‌ನಲ್ಲಿ ಸುಲ್ತಾನರದೇ ವ್ಯಾಪಾರದ ಕೋಠಿ ಇತ್ತು.

ಆದರೆ ಕಡಲು ಸುಲಭವಲ್ಲ. 1786ರ ಮಾರ್ಚಲ್ಲಿ ಗೋಕರ್ಣದ ಹತ್ತಿರದ ತದಡಿಯಿಂದ ನಾಲ್ಕು ಹಡಗು ತುರ್ಕಿಯ ಸುಲ್ತಾನರ ಕಡೆಗೆ ಹೊರಟವು. ಸುಮಾರು 900 ಜನ, ಜೊತೆಗೆ ಗಂಧ, ಮಸಾಲೆ, ಹೊಸ ನಾಣ್ಯ. ಮಂಗಳೂರು ಬಂದರು ಕೊಟ್ಟು ಬಸ್ರಾ ಬಂದರು ಪಡೆಯುವ ಆಸೆಯೂ ಇತ್ತು. ಖ್ವಾಜಾ ಅಬ್ದುಲ್ ಖಾದಿರ್ ದಾರಿಯ ದಿನಚರಿ ಬರೆದಿಟ್ಟರು. ಹಡಗುಗಳು ಕಡಲಲ್ಲಿ ಹೋದವು, ಕಾಯಿಲೆಗೆ ಜನ ಹೋದರು. ಮನೆಗೆ ಮರಳಿದವರು ಕೆಲವೇ ಮಂದಿ. ಆ ಮನೆಗಳ ಹೆಂಗಸರು ಎಷ್ಟು ಕಾಲ ದಾರಿ ಕಾದರೋ!

ಸುಲ್ತಾನರು ಕಡಲು ಬಿಡಲಿಲ್ಲ. 1796ರಲ್ಲಿ 40 ಹಡಗು ಕಟ್ಟಲು ಹುಕುಂ ಕೊಟ್ಟರು. ಮಂಗಳೂರು, ಮಿರ್ಜಾನ್, ಸದಾಶಿವಗಡದಲ್ಲಿ ಕೆಲಸ. ಮೂರೇ ವರ್ಷಕ್ಕೆ, 1799ರ ಮೇ 4ರಂದು, ಶ್ರೀರಂಗಪಟ್ಟಣದಲ್ಲಿ ಶಹೀದಾದರು. ಮಂಗಳೂರು ಬಂದರು ಕಂಪೆನಿಯ ಕೈಗೆ ಹೋಯ್ತು.