ನರದೊಳಗಿನ ಮಿಂಚನ್ನು ಕಂಡ ಲುಯಿಜಿ ಗಾಲ್ವಾನಿ

ಮಳೆಗಾಲ ಸಮೀಪಿಸುತ್ತಿದ್ದಂತೆ ದಾಂಡೇಲಿ, ಹಳಿಯಾಳ, ಜೋಯಿಡಾ ಭಾಗದಲ್ಲಿ ಮಾಡಿನ ಜಿ.ಐ. ತಗಡುಗಳನ್ನು ಸರಿಪಡಿಸಿಕೊಳ್ಳುವುದು ವಾಡಿಕೆ. ಆ ಎರಡಕ್ಷರಗಳಲ್ಲಿ ಮೊದಲನೆಯದು ಗ್ಯಾಲ್ವನೈಸ್ಡ್ ಎಂಬ ಪದವನ್ನು ಸೂಚಿಸುತ್ತದೆ. ಆ ಪದದೊಳಗೆ ಇಟಲಿಯ ಒಬ್ಬ ಕಥೋಲಿಕ ವೈದ್ಯರ ಹೆಸರು ಅಡಗಿದೆ. ಕಬ್ಬಿಣಕ್ಕೆ ಸತುವು ಲೇಪಿಸುವ ಉದ್ಯಮಕ್ಕೂ ಆ ಮಹನೀಯರಿಗೂ ನೇರ ಸಂಬಂಧವೇನೂ ಇರಲಿಲ್ಲವೆಂಬುದು ವಿನೋದದ ಸಂಗತಿ. ಅವರ ಶೋಧ ನಮ್ಮ ದೇಹಕ್ಕೆ ಸೇರಿದ್ದು. ನರಗಳು ಸ್ನಾಯುಗಳಿಗೆ ಸಂದೇಶವನ್ನು ಮುಟ್ಟಿಸುವುದರಲ್ಲಿ ವಿದ್ಯುತ್ತಿನ ಪಾತ್ರವಿದೆ ಎಂಬುದನ್ನು ಪ್ರಯೋಗದಿಂದ ತೋರಿಸಿದ ಲುಯಿಜಿ ಗಾಲ್ವಾನಿಯವರ ಜೀವನವನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇವೆ.

ಗಾಲ್ವಾನಿಯವರು 1737ರ ಸೆಪ್ಟೆಂಬರ್ 9ರಂದು ಬೊಲೋನ್ಯ ನಗರದಲ್ಲಿ ಜನಿಸಿದರು. ಆ ನಗರ ಆಗ ಜಗದ್ಗುರು ಪೋಪರ ಆಳ್ವಿಕೆಗೆ ಒಳಪಟ್ಟಿತ್ತು. ಸನ್ಯಾಸಿಗಳ ಸಭೆಯೊಂದನ್ನು ಸೇರಬೇಕೆಂಬುದು ಬಾಲಕನ ಹಂಬಲ; ಮನೆಯವರು ಅವರನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿದರು. 1759ರಲ್ಲಿ ಪದವಿ ಪಡೆದ ಮೇಲೆ ಅಲ್ಲಿಯೇ ಅಂಗರಚನಾಶಾಸ್ತ್ರವನ್ನೂ ಪ್ರಸೂತಿವಿದ್ಯೆಯನ್ನೂ ಬೋಧಿಸಿದರು. ತಮ್ಮ ಗುರುಗಳಾದ ದೊಮೆನಿಕೊ ಗಲಿಯಾಟ್ಸಿಯವರ ಮಗಳು ಲೂಸಿಯಾರನ್ನು ವಿವಾಹವಾದರು. ಆ ದಂಪತಿಗಳಿಗೆ ಮಕ್ಕಳಾಗಲಿಲ್ಲ. ವಿದ್ಯಾವಂತೆಯಾಗಿದ್ದ ಲೂಸಿಯಾ ಪತಿಯ ಪ್ರಯೋಗಗಳಲ್ಲಿ ಜೊತೆಗೂಡಿದರು.

ನರಗಳೆಂದರೆ ಟೊಳ್ಳು ಕೊಳವೆಗಳು, ಅವುಗಳಲ್ಲಿ ಪ್ರಾಣರಸವೊಂದು ಹರಿದು ಸ್ನಾಯುಗಳನ್ನು ಉಬ್ಬಿಸುತ್ತದೆ ಎಂಬ ಗ್ರೀಕ್ ವೈದ್ಯ ಗ್ಯಾಲೆನನ ಕಾಲದಿಂದ ಬಂದ ಅಭಿಪ್ರಾಯ ಅಂದಿಗೂ ಬಹಳ ಮಂದಿಯಲ್ಲಿ ಉಳಿದಿತ್ತು. 1780ರ ದಶಕದ ಆರಂಭದಲ್ಲಿ ಒಂದು ದಿನ, ಮೇಜಿನ ಮೇಲೆ ಛೇದಿಸಿ ಇಟ್ಟಿದ್ದ ಕಪ್ಪೆಯ ನರಕ್ಕೆ ಸಹಾಯಕನೊಬ್ಬ ಕತ್ತಿಯ ಮೊನೆಯನ್ನು ತಾಗಿಸಿದನು. ಅದೇ ಕ್ಷಣದಲ್ಲಿ ಸಮೀಪದ ವಿದ್ಯುದ್ಯಂತದಿಂದ ಕಿಡಿ ಹಾರಿತು. ಯಂತ್ರಕ್ಕೂ ಕಪ್ಪೆಗೂ ನಡುವೆ ಯಾವ ತಂತಿಯೂ ಇರಲಿಲ್ಲ. ಆದರೂ ಸತ್ತ ಕಾಲು ಜಾಡಿಸಿ ಒದೆಯಿತು. ಇತರರು ಆಕಸ್ಮಿಕವೆಂದು ಬಿಟ್ಟುಬಿಡಬಹುದಾಗಿದ್ದ ಈ ಸಣ್ಣ ಘಟನೆಯ ಹಿಂದೆ ಗಾಲ್ವಾನಿಯವರು ಹತ್ತು ವರ್ಷ ದುಡಿದರು. ಗುಡುಗು ಮಿಂಚಿನ ಮಳೆಯಲ್ಲಿ ಕಪ್ಪೆಯ ಕಾಲುಗಳನ್ನು ಮನೆಯ ಹೊರಗೆ ತಂತಿಗೆ ಕಟ್ಟಿ ನೋಡಿದರು. ಮಿಂಚಿದಾಗಲೆಲ್ಲ ಅವು ಅದುರಿದವು. 1786ರಲ್ಲಿ ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿದ ಕಾಲುಗಳನ್ನು ಕಬ್ಬಿಣದ ಕಟಕಟೆಗೆ ಒತ್ತಿದಾಗ, ಆಕಾಶ ಶುಭ್ರವಾಗಿದ್ದರೂ ಅವು ಅದುರಿದವು! ಪ್ರಾಣಿಗಳ ದೇಹದಲ್ಲಿಯೇ ವಿದ್ಯುತ್ತು ಇದೆ, ನರವು ಅದರ ವಾಹಕ ಎಂದು ಅವರು ನಿರ್ಣಯಿಸಿ 1791ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದರು. ಆ ಬರಹ ಅಚ್ಚಾಗುವ ಮೊದಲೇ ಲೂಸಿಯಾ ದೈವಾಧೀನರಾಗಿದ್ದರು.

ಪಾವಿಯ ವಿಶ್ವವಿದ್ಯಾನಿಲಯದ ಅಲೆಸ್ಸಾಂದ್ರೊ ವೋಲ್ಟಾ ಮೊದಲು ಇದನ್ನು ಮೆಚ್ಚಿದರು, ಅನಂತರ ವಿರೋಧಿಸಿದರು. ವಿದ್ಯುತ್ತು ಹುಟ್ಟಿದ್ದು ಎರಡು ಬೇರೆ ಲೋಹಗಳ ಸಂಪರ್ಕದಿಂದ, ಕಪ್ಪೆಯ ಕಾಲು ಅದನ್ನು ತೋರಿಸುವ ಮುಳ್ಳು ಮಾತ್ರ ಎಂಬುದು ಅವರ ವಾದ. ಗಾಲ್ವಾನಿಯವರು ಲೋಹವನ್ನೇ ಬಿಟ್ಟು, ಒಂದು ಕಾಲಿನ ನರವನ್ನು ಇನ್ನೊಂದರ ನರಕ್ಕೆ ಮುಟ್ಟಿಸಿಯೂ ಅದುರುವಿಕೆಯನ್ನು ತೋರಿಸಿದರು. ವೋಲ್ಟಾ 1800ರಲ್ಲಿ ಬ್ಯಾಟರಿಯನ್ನು ರಚಿಸಿ ಲೋಕಪ್ರಸಿದ್ಧರಾದರು. ಬಹುಕಾಲ ಜಗತ್ತು ಅವರ ಪಕ್ಷವನ್ನೇ ಹಿಡಿಯಿತು. ಕಟಕಟೆಯ ವಿಷಯದಲ್ಲಿ ವೋಲ್ಟಾ ಸರಿ, ನರದ ವಿಷಯದಲ್ಲಿ ಗಾಲ್ವಾನಿ ಸರಿ ಎಂಬುದು ನಮ್ಮ ಅಭಿಮತ.

ಇಂದು ತಿಳಿದಿರುವಂತೆ, ನರಕೋಶದ ಪೊರೆಯ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸವಿರುತ್ತದೆ. ಸಂದೇಶ ಹೊರಟಾಗ ಪೊರೆಯ ದ್ವಾರಗಳು ತೆರೆದು ಸೋಡಿಯಂ ಕಣಗಳು ಒಳನುಗ್ಗುತ್ತವೆ. ಈ ಅಲೆ ಒಂದೆಡೆಯಿಂದ ಮತ್ತೊಂದೆಡೆಗೆ ಸಾಗುತ್ತದೆ. ಅಂಬಿಕಾನಗರದ ವಿದ್ಯುದಾಗಾರದಿಂದ ತಂತಿಯಲ್ಲಿ ಬರುವ ವಿದ್ಯುತ್ತಿನ ವೇಗ ಇದಕ್ಕಿಲ್ಲ. ಅತಿ ವೇಗದ ನರಗಳಲ್ಲಿಯೂ ಸೆಕೆಂಡಿಗೆ ಸುಮಾರು 120 ಮೀಟರ್ ಮಾತ್ರ. ಇನ್ನು ಒಂದು ಕೋಶದಿಂದ ಮತ್ತೊಂದಕ್ಕೆ ಇರುವ ಸೂಕ್ಷ್ಮ ಸಂದನ್ನು ಸಂದೇಶವು ಹೆಚ್ಚಾಗಿ ರಾಸಾಯನಿಕ ದ್ರವ್ಯದ ಮೂಲಕ ದಾಟುತ್ತದೆ. 1921ರಲ್ಲಿ ಒಟ್ಟೊ ಲೋವಿ ಇದನ್ನು ರುಜುವಾತುಪಡಿಸಿದ್ದು ಕಪ್ಪೆಯ ಹೃದಯದಿಂದಲೇ! ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರಿನಲ್ಲಿರುವ ರೆಸರ್ಪಿನ್ ರಕ್ತದೊತ್ತಡವನ್ನು ತಗ್ಗಿಸುವುದು, ನರದ ತುದಿಯಲ್ಲಿ ಕೂಡಿಟ್ಟ ಇಂಥ ದ್ರವ್ಯಗಳನ್ನು ಬರಿದುಮಾಡಿ. ಇವೆಲ್ಲ ಗಾಲ್ವಾನಿಯವರ ಊಹೆಗೂ ಮೀರಿದ್ದವು. ಆದರೆ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಸಿಕೊಳ್ಳುವಾಗ ಕಾಗದದ ಮೇಲೆ ಮೂಡುವ ಗೆರೆ, ದೇಹದೊಳಗೆ ವಿದ್ಯುತ್ತಿದೆ ಎಂದ ಅವರ ಮಾತಿನ ಮುಂದುವರಿಕೆಯೇ ಆಗಿದೆ.

ಅವರ ಕೊನೆಯ ದಿನಗಳು ಕಷ್ಟದವು. ನೆಪೋಲಿಯನ್ನನ ಸೇನೆ ಉತ್ತರ ಇಟಲಿಯನ್ನು ಗೆದ್ದ ಮೇಲೆ, 1797ರಲ್ಲಿ ಸಿಸಾಲ್ಪೈನ್ ಗಣರಾಜ್ಯ ಸ್ಥಾಪನೆಯಾಯಿತು. ಪ್ರಾಧ್ಯಾಪಕರೆಲ್ಲರೂ ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಆಜ್ಞೆ ಬಂದಿತು. ಅನೇಕರು ಮಾಡಿದರು, ಅವರನ್ನು ನಾವು ಹಳಿಯಲಾರೆವು, ಅವರಿಗೂ ಸಂಸಾರಗಳಿದ್ದವು. ಗಾಲ್ವಾನಿಯವರಿಗೆ ಅದು ತಮ್ಮ ವಿಶ್ವಾಸಕ್ಕೂ ಮನಸ್ಸಾಕ್ಷಿಗೂ ವಿರುದ್ಧವೆಂದು ಕಂಡಿತು. 1798ರ ಏಪ್ರಿಲ್‌ನಲ್ಲಿ ಅವರು ನಿರಾಕರಿಸಿದರು. ಅರವತ್ತರ ವಯಸ್ಸಿನಲ್ಲಿ ಹುದ್ದೆಯೂ ಹೋಯಿತು, ವೇತನವೂ ನಿಂತಿತು. ಸಹೋದರನ ಮನೆಯಲ್ಲಿ ಆಶ್ರಯ ಪಡೆಯಬೇಕಾಯಿತು. ಅವರ ಕೀರ್ತಿಯನ್ನು ಮನಗಂಡ ಅಧಿಕಾರಿಗಳು ಹುದ್ದೆಯನ್ನು ಮರಳಿ ಕೊಡಲು ಒಪ್ಪಿದರಾದರೂ ಅದು ಕೈಗೂಡುವ ಮೊದಲೇ, 1798ರ ಡಿಸೆಂಬರ್ 4ರಂದು ಅವರು ತೀರಿಕೊಂಡರು.

ಸಂತ ಅಸ್ಸಿಸಿಯ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದ ಗೃಹಸ್ಥರಾಗಿದ್ದ ಅವರನ್ನು ಅದೇ ಸಭೆಯ ಉಡುಪಿನಲ್ಲಿ, ಬೊಲೋನ್ಯದ ಕೊರ್ಪುಸ್ ದೊಮಿನಿ ದೇವಾಲಯದಲ್ಲಿ, ಲೂಸಿಯಾರ ಪಕ್ಕದಲ್ಲಿ ಸಮಾಧಿ ಮಾಡಲಾಯಿತು.