ಬರಿಗಾಲಿನ ಸಂತ ಜೋಸೆಫ್ ವಾಜ್ ಮತ್ತು ನಮ್ಮ ತುಂಬಿದ ಕಪಾಟುಗಳು

ಪ್ರತಿ ವರ್ಷ ಜನವರಿ 16ರಂದು ಧರ್ಮಸಭೆಯು ಸಂತ ಜೋಸೆಫ್ ವಾಜರ ಹಬ್ಬವನ್ನು ಆಚರಿಸುತ್ತದೆ. ಗೋವೆಯಲ್ಲಿ ಹುಟ್ಟಿ, ಕೆನರಾ ಕರಾವಳಿಯಲ್ಲಿ ಧರ್ಮಸೇವೆಗೈದು, ಶ್ರೀಲಂಕೆಯ ಮಣ್ಣಿನಲ್ಲಿ ಮಣ್ಣಾದ ಈ ಮಹನೀಯರು ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಪಾದ್ರಿ ಜುಜೆ ವಾಜ್. ಅವರ ಪ್ರಾರ್ಥನೆಯಿಂದ ಮಳೆ ಸುರಿದ ಕಥೆ, ಸಿಡುಬು ರೋಗಿಗಳಿಗೆ ಅವರು ಮಾಡಿದ ಶುಶ್ರೂಷೆಯ ಕಥೆ ನಮ್ಮ ಕಥೋಲಿಕ ಕುಟುಂಬಗಳಿಗೆ ಪರಿಚಿತವೇ. ಆದರೆ ಅವರ ಬಾಳಿನ ಇನ್ನೊಂದು ಮುಖ ಅಷ್ಟಾಗಿ ನಮ್ಮ ಗಮನಕ್ಕೆ ಬಂದಿಲ್ಲ. ಅವರು ತಮ್ಮೊಡನೆ ಎಷ್ಟು ಕಡಿಮೆ ವಸ್ತುಗಳನ್ನು ಇಟ್ಟುಕೊಂಡಿದ್ದರು ಮತ್ತು ಏಕೆ ಎಂಬುದೇ ಆ ಮುಖ. ಮನೆ ತುಂಬ ಸಾಮಾನು, ಮನಸ್ಸು ತುಂಬ ಚಿಂತೆ ಎಂಬಂತಾಗಿರುವ ಈ ದಿನಗಳಲ್ಲಿ ಅದನ್ನು ಕುರಿತು ಆಲೋಚಿಸುವುದು ಉಚಿತವಾಗಿದೆ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ದಕ್ಷಿಣ ಗೋವೆಯ ಬಾಣಾವಳಿಯಲ್ಲಿ, ತಾಯಿಯ ಊರಿನಲ್ಲಿ ಜನಿಸಿದರು. ತಂದೆಯ ಊರು ಸಾಂಕವಾಳ. ದೈವಭಕ್ತ ಕುಟುಂಬ. ಬಾಲ್ಯದಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತು, ಗೋವಾ ನಗರದ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕನರ ಸಂತ ಥಾಮಸ್ ಅಕ್ವಿನಾಸರ ವಿದ್ಯಾಲಯದಲ್ಲಿಯೂ ತತ್ತ್ವಶಾಸ್ತ್ರ, ದೇವಶಾಸ್ತ್ರಗಳನ್ನು ಅಭ್ಯಸಿಸಿದರು. 1676ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ವಿದ್ಯಾವಂತ, ಒಳ್ಳೆಯ ಬೋಧಕ, ಪಾಪನಿವೇದನೆಗಾಗಿ ಜನರು ಅರಸಿಕೊಂಡು ಬರುವ ಗುರು. ಬಯಸಿದ್ದರೆ ಗೋವೆಯಲ್ಲಿಯೇ ಸುಖಕರವಾದ ಬಾಳು ಅವರಿಗೆ ದೊರೆಯುತ್ತಿತ್ತು.

ಆದರೆ ಗುರುದೀಕ್ಷೆಯಾದ ಸ್ವಲ್ಪ ಕಾಲದಲ್ಲಿಯೇ ಅವರು ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಮರುವರ್ಷ, 1677ರ ಆಗಸ್ಟ್ 5ರಂದು, ಸಾಂಕವಾಳದಲ್ಲಿ ತಮ್ಮನ್ನು ದೇವಮಾತೆಯ ದಾಸನನ್ನಾಗಿ ಒಪ್ಪಿಸಿಕೊಂಡು ಒಂದು ಪತ್ರವನ್ನು ಬರೆದು ಸಹಿ ಹಾಕಿದರು. ಆ ಕಾಲದಲ್ಲಿ ದಾಸ್ಯವೆಂಬುದು ಕೇವಲ ಅಲಂಕಾರದ ಮಾತಾಗಿರಲಿಲ್ಲ. ಪೇಟೆಯಲ್ಲಿ ಮನುಷ್ಯರು ಮಾರಾಟವಾಗುತ್ತಿದ್ದ ಕಾಲವದು. ದಾಸನಿಗೆ ಸ್ವಂತ ಆಸ್ತಿ ಎಂಬುದಿಲ್ಲ. ಅವನ ಕೈಯಲ್ಲಿರುವುದೆಲ್ಲವೂ ಒಡೆಯನದು. ಅವನು ಅದನ್ನು ನೋಡಿಕೊಳ್ಳುವವನು ಮಾತ್ರ. ಈ ಪತ್ರದ ಅರ್ಥವನ್ನು ತಿಳಿದವರಿಗೆ ವಾಜರ ಮುಂದಿನ ಬದುಕೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ.

1681ರಲ್ಲಿ ಅವರನ್ನು ಕೆನರಾ ಪ್ರಾಂತದ ಕ್ರೈಸ್ತರ ಮೇಲ್ವಿಚಾರಕರನ್ನಾಗಿ ಕಳುಹಿಸಲಾಯಿತು. ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲ. ಗೋವೆಯಿಂದ ಕೆನರಾಕ್ಕೆ ಹೋಗುವ ದಾರಿ ನಮ್ಮ ಈ ಕರಾವಳಿಯ ದಾರಿಯೇ. ಕಾರವಾರದ ಬಳಿ ಕಾಳಿ, ಅಂಕೋಲೆಯನ್ನು ದಾಟಿದ ಮೇಲೆ ಗಂಗಾವಳಿ, ಮುಂದೆ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಇಂದು ಕಾರವಾರದಿಂದ ಅಂಕೋಲೆಗಿರುವ ಸುಮಾರು 35 ಕಿಲೋಮೀಟರ್ ಹಾದಿಯನ್ನು ನಾವು ಒಂದು ಗಂಟೆಯೊಳಗೆ ಕ್ರಮಿಸುತ್ತೇವೆ. ಸೇತುವೆಗಳಿಲ್ಲದ ಆ ಕಾಲದಲ್ಲಿ ಒಂದೊಂದು ಹೊಳೆಯ ಬಾಯಲ್ಲಿಯೂ ದೋಣಿಗಾಗಿ ಕಾಯಬೇಕಿತ್ತು. ಹೊಳೆ ದಾಟುವವನಿಗೆ ಹೊರೆಯ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ದೋಣಿಗೆ ಏರಿಸುವಾಗಲೂ ಇಳಿಸುವಾಗಲೂ ಅದು ಬೇಕೇ ಬೇಡವೇ ಎಂಬ ಪ್ರಶ್ನೆ ಏಳುತ್ತದೆ.

ಕೆನರಾದಲ್ಲಿ ಅವರು ಕಳೆದದ್ದು ಸುಮಾರು ಮೂರು ವರ್ಷ. ಮಂಗಳೂರು, ಬಸರೂರು, ಬಾರ್ಕೂರು, ಕಲ್ಯಾಣಪುರ, ಮೂಲ್ಕಿ ಮುಂತಾದ ಕಡೆಗಳಲ್ಲಿ ಚದುರಿದ ಕ್ರೈಸ್ತರನ್ನು ಕೂಡಿಸಿದರು. ಪ್ರಾರ್ಥನಾಲಯಗಳನ್ನೂ ಶಾಲೆಗಳನ್ನೂ ನಡೆಸಿದರು. ಭಕ್ತಸಂಘಗಳನ್ನು ಪುನಃ ಕಟ್ಟಿದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಪುಣ್ಯಕ್ಷೇತ್ರ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಆ ದಿನಗಳಲ್ಲಿ ಪೋರ್ಚುಗೀಸ್ ಆಶ್ರಯದ ಗೋವೆಯ ಮಹಾಧರ್ಮಾಧ್ಯಕ್ಷರಿಗೂ ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಅವರಿಗೂ ಅಧಿಕಾರದ ವಿಷಯದಲ್ಲಿ ತೀವ್ರ ವಿವಾದವಿತ್ತು. ಯಾರು ಕೊಟ್ಟ ಸಂಸ್ಕಾರ ಸಿಂಧು ಎಂಬ ಸಂಶಯದಿಂದ ಜನಸಾಮಾನ್ಯರು ಕಳವಳಗೊಂಡಿದ್ದರು. ಒಂದು ಪಕ್ಷದವರಾಗಿ ಬಂದಿದ್ದರೂ ವಾಜರು ತಮ್ಮ ಪಕ್ಷದ ಗೆಲುವನ್ನು ಮುಂದಿಡಲಿಲ್ಲ. ಜನರ ಆತ್ಮಶಾಂತಿಗಾಗಿ ಸಂಧಾನದ ಹಾದಿಯನ್ನು ಹಿಡಿದರು. ಅಧಿಕಾರವೂ ಒಂದು ಆಸ್ತಿಯೇ. ಹೊಲಮನೆಗಳನ್ನು ಬಿಟ್ಟವರೂ ಬಿಡಲಾರದ ಆಸ್ತಿ ಅದು.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಹಳೆ ಗೋವೆಯ ಪವಾಡಗಳ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಕೂಡಿ ಬಾಳುತ್ತಿದ್ದ ಸ್ಥಳೀಯ ಗುರುಗಳ ಸಮುದಾಯವನ್ನು ಸೇರಿ, ಅದರ ಮುಖ್ಯಸ್ಥರಾಗಿ ಆಯ್ಕೆಯಾದರು. ಅದನ್ನು ಅವರು ಸಂತ ಫಿಲಿಪ್ ನೇರಿಯವರ ಒರಟರಿ ಸಂಪ್ರದಾಯದಂತೆ ರೂಪಿಸಿದರು. ಈ ನೆಲದ ಮಕ್ಕಳೇ ನಡೆಸಿದ ಧಾರ್ಮಿಕ ಸಂಸ್ಥೆಯೊಂದು ಹೀಗೆ ಬೇರೂರುತ್ತಿರುವಾಗ, ಅದರ ಫಲವನ್ನು ಅನುಭವಿಸಲು ಅವರು ನಿಲ್ಲಲಿಲ್ಲ. 1658ರ ಸುಮಾರಿಗೆ ಡಚ್ಚರ ವಶವಾದ ಸಿಲೋನಿನಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಲಾಗಿತ್ತು. ಸಂಸ್ಕಾರಗಳಿಲ್ಲದೆ ಒಂದು ತಲೆಮಾರೇ ಕಳೆಯುತ್ತಿತ್ತು. ಆ ಜನರ ಕರೆ ಅವರ ಕಿವಿಯಲ್ಲಿ ಮೊರೆಯುತ್ತಿತ್ತು. ಮುಖ್ಯಸ್ಥನ ಸ್ಥಾನವನ್ನು ಬಿಟ್ಟು 1686ರಲ್ಲಿ ಅವರು ಹೊರಟರು.

ಪುನಃ ಇದೇ ಕರಾವಳಿ. ಕೆನರಾ, ತಲಶ್ಶೇರಿ, ಕೊಲ್ಲಂ, ಅಲ್ಲಿಂದ ತೂತುಕುಡಿ. ಮನೆಯ ಸೇವಕ ಜಾನ್ ಅವರ ಸಂಗಾತಿ. 1687ರಲ್ಲಿ ಬಡ ಕೂಲಿಯವನ ವೇಷದಲ್ಲಿ ದೋಣಿಯೇರಿ, ಬಿರುಗಾಳಿಗೆ ಸಿಕ್ಕಿ, ಹಸಿವಿನಿಂದ ಬಳಲಿ ದ್ವೀಪವನ್ನು ಸೇರಿದರು. ಜಾಫ್ನಾದಲ್ಲಿ ಆಮಶಂಕೆಯಿಂದ ನರಳಿ ಸಾವಿನ ಬಾಗಿಲನ್ನು ಕಂಡರು. ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಹುಡುಕುವುದು ಹೇಗೆ? ಬಹಿರಂಗವಾಗಿ ವಿಚಾರಿಸಿದರೆ ಸೆರೆ ನಿಶ್ಚಯ. ಅವರು ಕೊರಳಿಗೆ ಜಪಮಾಲೆಯನ್ನು ಹಾಕಿಕೊಂಡು ಮನೆಮನೆಗೆ ಭಿಕ್ಷೆ ಬೇಡುತ್ತ ಹೋದರು. ಜಪಮಾಲೆಯನ್ನು ಗುರುತಿಸಿದವರ ಕಣ್ಣು ಬೇರೆಯದೇ ಆಗಿರುತ್ತಿತ್ತು. ಹೀಗೆ ಒಂದು ಧರ್ಮಸಭೆಯ ಪುನರುಜ್ಜೀವನಕ್ಕೆ ಸಾಧನವಾದದ್ದು ಒಬ್ಬ ಭಿಕ್ಷುಕನ ಕೊರಳಲ್ಲಿದ್ದ ಒಂದು ಜಪಮಾಲೆ. ಅವರು ಎಲ್ಲವನ್ನೂ ಬಿಟ್ಟರೆಂದು ಹೇಳುವುದು ಪೂರ್ಣ ಸತ್ಯವಲ್ಲ, ಬೇಕಾದುದನ್ನು ಬಿಡಲಿಲ್ಲ. ಜಪಮಾಲೆ ಮತ್ತು ಬಲಿಪೂಜೆ ಇವೆರಡನ್ನು ಉಳಿಸಿಕೊಳ್ಳಲಿಕ್ಕಾಗಿಯೇ ಉಳಿದವುಗಳನ್ನು ಬಿಟ್ಟರು.

ಜಾಫ್ನಾ ಪ್ರಾಂತದ ಸಿಲ್ಲಾಲೆ ಎಂಬ ಹಳ್ಳಿ ಅವರ ಗುಪ್ತ ನೆಲೆಯಾಯಿತು. ರಾತ್ರಿಯ ಹೊತ್ತು ಪೂಜೆ, ಹಗಲು ಅಜ್ಞಾತವಾಸ. 1689ರ ಕ್ರಿಸ್ಮಸ್ ರಾತ್ರಿ ಡಚ್ ಅಧಿಕಾರಿಗಳು ದಾಳಿಮಾಡಿ ಭಕ್ತರನ್ನು ಸೆರೆಹಿಡಿದಾಗ ವಾಜರು ಮಾತ್ರ ಕೈಗೆ ಸಿಗಲಿಲ್ಲ. ಅನಂತರ ಪುತ್ತಲಮ್, 1692ರಲ್ಲಿ ಕ್ಯಾಂಡಿ. ಅಲ್ಲಿ ಪೋರ್ಚುಗೀಸ್ ಗೂಢಚಾರನೆಂಬ ಅನುಮಾನದಿಂದ ಸೆರೆಯಾಯಿತು. ಸೆರೆಯ ದಿನಗಳನ್ನು ಅವರು ಸಿಂಹಳ ಭಾಷೆಯ ಕಲಿಕೆಗೆ ಬಳಸಿಕೊಂಡರು. ಒಂದು ಭೀಕರ ಬರಗಾಲದಲ್ಲಿ ಅವರು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದೂ, ರಾಜ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ಧರ್ಮಕಾರ್ಯದ ಸ್ವಾತಂತ್ರ್ಯವನ್ನು ಕೊಟ್ಟನೆಂದೂ ಚರಿತ್ರಕಾರರು ತಿಳಿಸುತ್ತಾರೆ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸನೂ ಉಳ್ಳವರೂ ನಗರವನ್ನು ತೊರೆದರು. ತಮ್ಮವರೇ ಕೈಬಿಟ್ಟ ರೋಗಿಗಳನ್ನು ವಾಜರು ತಮ್ಮ ಸಹಗುರು ಜೋಸೆಫ್ ಕಾರ್ವಾಲೊ ಅವರೊಡನೆ ಗುಡಿಸಲುಗಳಲ್ಲಿ ಆರೈಕೆ ಮಾಡಿದರು. ಹುಣ್ಣುಗಳನ್ನು ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು. ಕಥೋಲಿಕನೋ ಬೌದ್ಧನೋ ಎಂದು ನೋಡಲಿಲ್ಲ. ಇಲ್ಲಿ ಸ್ವಲ್ಪ ನಿಂತು ವಿಚಾರಿಸಬೇಕು. ನಗರವನ್ನು ಬಿಟ್ಟವರೂ ತಮ್ಮ ವಸ್ತುಗಳನ್ನು ಬಿಟ್ಟೇ ಹೋದರು, ಆದರೆ ಪ್ರಾಣಭಯದಿಂದ. ವಾಜರು ಬಹಳ ಹಿಂದೆಯೇ ಬಿಟ್ಟಿದ್ದರು, ಪ್ರೀತಿಯಿಂದ. ಆದುದರಿಂದಲೇ ಆ ಕ್ಷಣದಲ್ಲಿ ಅವರ ಕೈಗಳೆರಡೂ ಬಿಡುವಾಗಿದ್ದವು.

ಮುಂದೆ ಅವರನ್ನು ಉನ್ನತ ಪದವಿಗೇರಿಸುವ ವಿಚಾರ ಬಂದಾಗ ಅವರು ವಿನಯದಿಂದ ಒಲ್ಲೆನೆಂದರು. 1705ರಲ್ಲಿ ಬಂದ ಫಾದರ್ ಜಾಕೋಮ್ ಗೊನ್ಸಾಲ್ವಿಸರು ಸಿಂಹಳ, ತಮಿಳು ಭಾಷೆಗಳಲ್ಲಿ ಸಾಹಿತ್ಯ ರಚಿಸಿ ಅವರ ಕಾರ್ಯವನ್ನು ಬೆಳೆಸಿದರು. 1711ರ ಜನವರಿ 16ರಂದು, ತಮ್ಮ 59ನೆಯ ವಯಸ್ಸಿನಲ್ಲಿ, ವಾಜರು ಕ್ಯಾಂಡಿಯಲ್ಲಿ ದೈವಾಧೀನರಾದರು. ಅವರ ಸಮಾಧಿಯ ನಿಖರವಾದ ಸ್ಥಳವೂ ಇಂದು ಗುರುತಿಗೆ ಸಿಗದು. 1995ರ ಜನವರಿ 21ರಂದು ಪೋಪ್ ದ್ವಿತೀಯ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಅದೇ ನಗರದಲ್ಲಿ ಅವರಿಗೆ ಸಂತಪದವಿಯನ್ನು ನೀಡಿದರು. ಆರಡಿ ನೆಲದ ಗುರುತನ್ನೂ ಉಳಿಸಿಕೊಳ್ಳದವರನ್ನು ಎರಡು ನಾಡುಗಳು ತಮ್ಮವರೆಂದು ಕರೆಯುತ್ತಿವೆ.

ಈ ಜೀವನದಿಂದ ಸಂಸಾರಸ್ಥರು ಕಲಿಯಬೇಕಾದುದೇನು? ಮಕ್ಕಳುಮರಿಗಳಿಲ್ಲದ ಗುರುಗಳಿಗೆ ಇದೆಲ್ಲ ಸುಲಭ, ನಮಗೆ ನಾಳಿನ ಯೋಚನೆ ಬೇಡವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮನೆವಾರ್ತೆಗೆ ಸಂಗ್ರಹ ಬೇಕು. ಮಳೆಗಾಲಕ್ಕೆ ಅಕ್ಕಿ, ಒಣಮೀನು, ಸೌದೆ ಕೂಡಿಡುವುದು ನಮ್ಮ ಕರಾವಳಿಯ ವಿವೇಕ. ಅರಿಸ್ಟಾಟಲನು ಮನೆಯ ಸಂಪತ್ತನ್ನು ಉಪಕರಣಗಳ ಸಮೂಹವೆಂದು ತಿಳಿದನು. ಯಾವ ಉಪಕರಣಕ್ಕೂ ಒಂದು ಮಿತಿಯುಂಟು ಎಂದು ವಿವರಿಸಿದನು. ಬಡಗಿಗೆ ಬೇಕಾದಷ್ಟು ಉಳಿಗಳಿದ್ದರೆ ಕೆಲಸ ಸಾಗುತ್ತದೆ. ನೂರು ಉಳಿಗಳಿದ್ದರೆ ಅವುಗಳಿಗೆ ಎಣ್ಣೆ ಹಚ್ಚುವುದೇ ಕೆಲಸವಾಗುತ್ತದೆ. ಯಾರ ಹೆಸರಿನ ವಿದ್ಯಾಲಯದಲ್ಲಿ ವಾಜರು ಓದಿದರೋ ಆ ಸಂತ ಥಾಮಸ್ ಅಕ್ವಿನಾಸರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ವಸ್ತುಗಳನ್ನು ಗಳಿಸಿ ನಿರ್ವಹಿಸುವ ಹಕ್ಕು ವ್ಯಕ್ತಿಗಿದೆ. ಆದರೆ ಉಪಯೋಗದ ವಿಷಯದಲ್ಲಿ ಅವು ತನ್ನವು ಮಾತ್ರವೆಂದು ಅವನು ತಿಳಿಯಬಾರದು, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು ಎಂಬುದು ಅವರ ಬೋಧನೆ.

ಈ ಬೆಳಕಿನಲ್ಲಿ ನಮ್ಮ ಮನೆಗಳನ್ನು ನೋಡೋಣ. ಮದುವೆಯಲ್ಲಿ ಬಂದ ಪಿಂಗಾಣಿ ಸೆಟ್ಟುಗಳು ಪೆಟ್ಟಿಗೆಯಿಂದ ಹೊರಬಂದಿಲ್ಲ. ಗಲ್ಫಿನಿಂದ ಮಕ್ಕಳು ತಂದ ಕಂಬಳಿಗಳು ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿವೆ. ಕೆಟ್ಟ ಮಿಕ್ಸರು, ನಿಂತ ಗಡಿಯಾರ, ಕಾಲ ಮೀರಿದ ಔಷಧಿಗಳು. ಒರೆಸಿ, ಜೋಡಿಸಿ, ಕಾವಲು ಕಾಯುವ ಕೆಲಸ ಹೆಚ್ಚಾಗಿ ಮನೆಯ ತಾಯಿಗೆ ಅಥವಾ ವಯಸ್ಸಾದ ಅತ್ತೆಗೆ. ಬೇಕಾದ ಕಾಗದ ಬೇಕಾದಾಗ ಸಿಗದೆ ಗಂಡಹೆಂಡಿರಲ್ಲಿ ಮಾತು ಬೆಳೆಯುತ್ತದೆ. ಹಂಚಿಕೆಯ ಹೊತ್ತಿಗೆ, ಯಾರೂ ಬಳಸದ ಒಂದು ಹಿತ್ತಾಳೆ ಹಂಡೆಗಾಗಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ.

ಕಾರವಾರ, ಅಂಕೋಲಾ ತಾಲೂಕುಗಳ ಜನರಿಗೆ ಕಳೆದುಕೊಳ್ಳುವುದು ಏನೆಂದು ಬೇರೆ ಹೇಳಬೇಕಾಗಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಹುಟ್ಟಿದ ಮನೆಗಳನ್ನು ಬಿಟ್ಟವು. 2019ರ ಆಗಸ್ಟಿನಲ್ಲಿ ಕಾಳಿಯ ನೆರೆ ಮನೆಗಳನ್ನು ಹೊಕ್ಕಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ಬಲವಂತದ ನಷ್ಟವನ್ನು ತ್ಯಾಗವೆಂದು ಕರೆದು ನೊಂದವರನ್ನು ಸಮಾಧಾನಪಡಿಸುವುದು ಸರಿಯಲ್ಲ, ಅದು ಅನ್ಯಾಯ. ನಷ್ಟವೇ ಬೇರೆ, ತ್ಯಾಗವೇ ಬೇರೆ. ಆದರೆ ಇಂತಹ ಗಳಿಗೆಗಳು ಒಂದನ್ನು ಸ್ಪಷ್ಟಪಡಿಸುತ್ತವೆ. ನೀರು ಹೊಸ್ತಿಲಿಗೆ ಬಂದಾಗ ನಾವು ಮೊದಲು ಎತ್ತಿಕೊಳ್ಳುವುದು ಮಗುವನ್ನು, ಹಾಸಿಗೆ ಹಿಡಿದ ಹಿರಿಯರನ್ನು. ಯಾವುದು ಮೊದಲು ಎಂಬುದು ನಮ್ಮ ಅಂತರಂಗಕ್ಕೆ ಗೊತ್ತಿದೆ. ದಿನನಿತ್ಯದಲ್ಲಿ ಮರೆತಿರುತ್ತೇವೆ, ಅಷ್ಟೆ.

ಆದುದರಿಂದ ಈ ಸಂತರ ಹಬ್ಬಕ್ಕೆ ಸಿದ್ಧತೆಯಾಗಿ ಪ್ರತಿಯೊಂದು ಕುಟುಂಬವೂ ಒಂದು ಸಂಜೆ ಒಂದೇ ಒಂದು ಕಪಾಟನ್ನು ತೆರೆಯಲಿ. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ಯಾರ ಉಪಯೋಗಕ್ಕೆ ಎಂದು ಕೇಳಲಿ. ಉತ್ತರವಿದ್ದರೆ ಇಟ್ಟುಕೊಳ್ಳಲಿ. ಇಲ್ಲದಿದ್ದರೆ ಉಪಯೋಗವಿರುವ ಮನೆಯನ್ನು ಹುಡುಕಲಿ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರಿಗೆ ಅಂತಹ ಮನೆಗಳು ಗೊತ್ತಿರುತ್ತವೆ. ನಾವು ಉಡಲು ನಾಚುವ ಹರಕುಬಟ್ಟೆಯನ್ನು ಕೊಡುವುದು ದಾನವಲ್ಲ. ಜ್ಞಾನಸ್ನಾನ ಮತ್ತು ವಿವಾಹದ ಪ್ರಮಾಣಪತ್ರಗಳು, ಪಹಣಿ, ಬ್ಯಾಂಕಿನ ಪುಸ್ತಕ ಇವೆಲ್ಲವನ್ನು ಒಂದೇ ಚೀಲದಲ್ಲಿಟ್ಟರೆ ಆಪತ್ತಿನಲ್ಲಿ ಒಂದೇ ಕೈಯಲ್ಲಿ ಎತ್ತಿಕೊಳ್ಳಬಹುದು. ಮುರಿದ ಜಪಮಾಲೆ, ಹರಿದ ಪವಿತ್ರ ಚಿತ್ರಗಳನ್ನು ಕಸಕ್ಕೆ ಹಾಕದೆ ಸುಡಬೇಕು ಇಲ್ಲವೆ ಹೂಳಬೇಕು. ಹಳೆಯ ಗರಿಗಳನ್ನು ವಿಭೂತಿ ಬುಧವಾರಕ್ಕೆ ಮುಂಚೆ ದೇವಾಲಯಕ್ಕೆ ತಂದುಕೊಡಬೇಕು. ಹಿರಿಯರ ವಸ್ತುಗಳನ್ನು ಅವರನ್ನು ಕೇಳದೆ ಮುಟ್ಟಬಾರದು. ಅಜ್ಜನ ಹಳೆಯ ಪೆಟಾರಿ ನಮಗೆ ಹೊರೆಯಾದರೂ ಅವರಿಗೆ ಅದು ಅಜ್ಜಿಯ ನೆನಪಾಗಿರಬಹುದು. ಸರಳತೆಯ ಹೆಸರಿನಲ್ಲಿ ನಿಷ್ಕರುಣೆ ಸಲ್ಲದು.

ಕಪಾಟು ಖಾಲಿಯಾದ ಮಾತ್ರಕ್ಕೆ ಮನಸ್ಸು ಹಗುರಾಗುವುದಿಲ್ಲ. ಖಾಲಿಯಾದ ಜಾಗಕ್ಕೆ ಹೊಸ ಸಾಮಾನು ಬಂದು ಕೂರುವುದಕ್ಕೆ ಒಂದು ಜಾತ್ರೆಯ ಪೇಟೆ ಸಾಕು. ಯಾರಿಗಾಗಿ ಎಂಬ ಉತ್ತರ ಸಿಕ್ಕಿದಾಗ ಮಾತ್ರ ಬಿಡುವುದು ಸುಲಭವಾಗುತ್ತದೆ. ವಾಜರಿಗೆ ಆ ಉತ್ತರವಿತ್ತು: ಗುರುವಿಲ್ಲದೆ ಕಾದಿದ್ದ ಜನರು, ಯಾರೂ ಮುಟ್ಟದ ರೋಗಿಗಳು. ನಮಗೆ ಅದು ಪಕ್ಕದ ಮನೆಯ ವಿಧವೆಯಾಗಿರಬಹುದು, ಮಾತಿಗಾಗಿ ಕಾದಿರುವ ನಮ್ಮದೇ ಮಗುವಾಗಿರಬಹುದು. ಸಾಮಾನು ಕಾಯುವ ಹೊತ್ತಿನಲ್ಲಿ ಅರ್ಧವನ್ನಾದರೂ ಅವರಿಗೆ ಕೊಡುವಂತಾದರೆ ಈ ವರ್ಷದ ಹಬ್ಬ ಸಾರ್ಥಕ. ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ.